ಬಿಳಿಮಣ್ಣು ಕಾಳನ್ನು ನುಂಗಿದ ಬಗೆ

ಇಳಿವಿನ ನೂರ ಎಂಬತ್ತನೆಯ ವರ್ಷ, ಜಾಲಿಯುರಿ ತಿಂಗಳ ಐವತ್ತೊಂದನೆಯ ದಿನ.
ಎಡೆದೊರೆ, ಮೂರನೆಯ ಸುರಂಗ.

ಮುಂಚಿನವರಾದ ನಿಮಗೆ ಹುಲಿಗೆಮ್ಮ ಮಾಡುವ ಶರಣು.

ತಾರೀಖು ನೋಡಿ ನಾನು ತಪ್ಪು ಬರೆದಿದ್ದೇನೆ ಎಂದುಕೊಳ್ಳಬೇಡಿ. ನಮ್ಮಲ್ಲಿ ಈ ತಿಂಗಳಿಗೆ ಇಷ್ಟೇ ದಿನ ಎಂಬುದಿಲ್ಲ. ಮೇಲೆ ಬಳ್ಳಾರಿ ಜಾಲಿಯ ಕಾಡಿಗೆ ಬೆಂಕಿ ಬಿದ್ದ ದಿನ ಅದು ಹುಟ್ಟುತ್ತದೆ, ಬೆಂಕಿ ಆರಿದ ದಿನ ಮುಗಿಯುತ್ತದೆ. ಇಳಿವು ಎಂದರೆ ನಮ್ಮ ಹಿರಿಯರು ನೆಲದ ಮೇಲೆ ಬದುಕಲಾರದೆ ಹಳೆಯ ಚಿನ್ನದ ಗಣಿಯೊಳಗೆ ಇಳಿದದ್ದು. ಎರಡು ಹೊಳೆಗಳ ನಡುವಿನ ಈ ನೆಲಕ್ಕೆ ಎಡೆದೊರೆ ಎಂಬ ಹೆಸರನ್ನು ನಿಮಗಿಂತಲೂ ಬಹಳ ಮುಂಚಿನವರು ಇಟ್ಟಿದ್ದರಂತೆ. ಆ ಹೊಳೆಗಳು ಈಗ ಹೆಸರಿನಲ್ಲಿ ಮಾತ್ರ ಹರಿಯುತ್ತವೆ.

ನನ್ನ ಮಾತುಗಳು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಬೇಕು. ನಮ್ಮ ಸಾಲೆ ನಾಲ್ಕನೆಯ ಇಯತ್ತೆಗೆ ಮುಗಿಯುತ್ತದೆ. ಮುಂದಿನದನ್ನು ಕಲಿಸುವವರು ಉಳಿದಿಲ್ಲ. ಸಾಲೆ ಬಿಡುವ ದಿನ ಪ್ರತಿ ಮಗುವೂ ಮುಂಚಿನವರಿಗೆ ಒಂದು ಕಾಗದ ಬರೆದು, ಎಲ್ಲರ ಮುಂದೆ ಓದಿ, ಗಣಿಯ ಬಾಯಲ್ಲಿರುವ ಕಲ್ಲುಗೂಡಿನಲ್ಲಿ ಇಟ್ಟು ಬರುವುದು ಇಲ್ಲಿಯ ರೂಢಿ. ಎಲ್ಲರ ಮುಂದೆ ಓದಬೇಕಲ್ಲ ಎಂದು ಹೆದರಿ ನಾನು ಆ ದಿನ ಹೊದ್ದು ಮಲಗಿಬಿಟ್ಟೆ. ಆಗ ಬರೆಯದೆ ಉಳಿದುಹೋದ ಕಾಗದವನ್ನು ಈಗ ಬರೆಯುತ್ತಿದ್ದೇನೆ. ಹೋದ ಕಾಲಕ್ಕೆ ಟಪಾಲು ಇಲ್ಲವೆಂದು ನನಗೂ ಗೊತ್ತು. ಆದರೂ ಕೆಲವು ಸಂಗತಿಗಳನ್ನು ಇಲ್ಲಿಯವರಿಗೆ ಬಾಯಿಬಿಟ್ಟು ಹೇಳಲಾರೆ. ನೀವಾದರೆ ನನ್ನ ಮುಖ ನೋಡುವುದಿಲ್ಲ.

ನಾವು ಬದುಕುವ ರೀತಿಯನ್ನು ಮೊದಲು ಹೇಳುತ್ತೇನೆ. ಕಲ್ಲು ಕೊರೆದ ಸುರಂಗಗಳೇ ನಮ್ಮ ಓಣಿಗಳು. ಒಂದೊಂದು ಮನೆಗೆ ಒಂದೊಂದು ಗೂಡು, ಗೂಡಿಗೆ ಬಾಗಿಲಿನ ಬದಲು ಕೌದಿಯ ಪರದೆ. ಮೇಲಿನ ಬಿಸಿಲನ್ನು ಕನ್ನಡಿಯಿಂದ ಕನ್ನಡಿಗೆ ಹೊರಳಿಸಿ ಕೆಳಗೆ ತಂದು, ಹಿರಿಯರು ಹೊತ್ತು ತಂದ ಎರೆಮಣ್ಣಿನಲ್ಲಿ ಜೋಳ ಬೆಳೆಯುತ್ತೇವೆ. ಈ ಕಾಗದವೂ ಜೋಳದ ಕಣಿಕೆಯದೇ. ಗಣಿಯ ಬಾಯಲ್ಲಿ ಬಿಸಿಲ ಹಲಗೆಗಳಿವೆ. ಅವುಗಳ ಬಲದಿಂದ ತಳದ ನೀರನ್ನು ಒಡೆದು ಒಂದು ಗಾಳಿಯನ್ನು ತೆಗೆಯುತ್ತೇವೆ. ನಿಮ್ಮ ಪುಸ್ತಕಗಳಲ್ಲಿ ಅದು ಜಲಜನಕ, ನಮ್ಮ ಬಾಯಲ್ಲಿ ಹಗುರ. ಅರಗು ಬಳಿದ ಬಟ್ಟೆಯ ಚೀಲದಲ್ಲಿ ಅದನ್ನು ತುಂಬಿಡುತ್ತೇವೆ. ಆ ಚೀಲಕ್ಕೆ ತಿದಿ ಎನ್ನುತ್ತೇವೆ. ಪ್ರತಿ ಮನೆಯ ಸೂರಿನಲ್ಲೂ ಒಂದು ತಿದಿ ಉಬ್ಬಿಕೊಂಡು ತೇಲುತ್ತಿರುತ್ತದೆ. ರೊಟ್ಟಿ ಬೇಯುವುದು ಅದರಿಂದಲೇ. ತಿದಿ ಖಾಲಿಯಾದ ಮನೆಯವರು ನಿನ್ನೆಯ ತಣ್ಣನೆಯ ರೊಟ್ಟಿಗೆ ಪುಂಡಿಪಲ್ಯ ಹಚ್ಚಿಕೊಂಡು ತಿನ್ನುತ್ತಾರೆ.

ನಮಗೆ ಕೊರತೆ ಇರುವುದು ಅನ್ನಕ್ಕಲ್ಲ, ಉಸಿರಿಗೆ. ಮೇಲಿನ ಜಾಲಿಯ ಕಾಡು ಹೊರಗೆ ಆರಿದಂತೆ ಕಂಡರೂ ಬೇರಿನಲ್ಲಿ ಕನಲುತ್ತಲೇ ಇರುತ್ತದೆ. ಹಾಗೆ ಕನಲುವ ಬೆಂಕಿಯಿಂದ ಮಂಕುಗಾಳಿ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ತಲೆ ನೋಯುತ್ತದೆ, ಆಮೇಲೆ ಸುಮ್ಮನೆ ನಗು ಬರುತ್ತದೆ, ಆಮೇಲೆ ನಿದ್ದೆ. ಅದರಿಂದ ಸತ್ತವರ ಕೆನ್ನೆ ಕೆಂಪಗೆ ಮದುಮಗಳ ಕೆನ್ನೆಯಂತೆ ಇರುತ್ತದೆ. ನಾವು ಉಸಿರಾಡುವ ಗಾಳಿ ಮೇಲಿನಿಂದಲೇ ಬರಬೇಕು, ಆದ್ದರಿಂದ ಅದನ್ನು ಕಣದ ಮೂಲಕ ಹಾಯಿಸಿ ಒಳಗೆ ಬಿಟ್ಟುಕೊಳ್ಳುತ್ತೇವೆ.

ಕಣ ಎಂದರೆ ಗಾಳಿಯ ದಾರಿಗೆ ಅಡ್ಡಲಾಗಿರುವ ಒಂದು ದೊಡ್ಡ ಕೋಣೆ. ಅದರಲ್ಲಿ ಸಾಲಾಗಿ ಜರಡಿಯ ತಳದ ಕಬ್ಬಿಣದ ತಟ್ಟೆಗಳು, ತಟ್ಟೆಗಳ ಮೇಲೆ ಕಡಲೆಯಷ್ಟು ದಪ್ಪದ ಬೂದು ಮಣಿಗಳು. ದೂರದಿಂದ ಒಕ್ಕಲು ಮಾಡುವ ಕಣದಂತೆ ಕಾಣುತ್ತದೆ, ಅದಕ್ಕೇ ಆ ಹೆಸರು. ಮಣಿಯನ್ನು ಬಿಳಿಮಣ್ಣಿನಿಂದ ಮಾಡಿದ್ದಾರೆ. ನೀವು ನಿಮ್ಮ ಗೋಡೆಗಳಿಗೆ ಬಳಿಯುತ್ತಿದ್ದ ಬಿಳಿಯ ಬಣ್ಣದಲ್ಲಿ ಇದ್ದದ್ದೇ ಈ ಮಣ್ಣು. ಮಣಿಯ ಮೈಮೇಲೆ, ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಒಂದು ಲೋಹ ಚೆಲ್ಲಿಕೊಂಡಿದೆ. ಅದನ್ನು ನಾವು ಕಾಳು ಎನ್ನುತ್ತೇವೆ, ನೀವು ಪ್ಲಾಟಿನಂ ಎನ್ನುತ್ತಿದ್ದಿರಿ. ನಿಮ್ಮ ಕಾರುಗಳ ಹೊಗೆಕೊಳವೆಯ ನಡುವೆ ಜೇನುಗೂಡಿನಂಥದ್ದು ಒಂದು ಇರುತ್ತಿತ್ತಲ್ಲ, ಹೆದ್ದಾರಿಯಲ್ಲಿ ಸತ್ತುಬಿದ್ದ ಕಾರುಗಳ ಹೊಟ್ಟೆ ಸೀಳಿ ನಮ್ಮ ಹಿರಿಯರು ಅದನ್ನು ಆಯ್ದು ತಂದು, ಆಮ್ಲದಲ್ಲಿ ಕರಗಿಸಿ, ಬಿಳಿಮಣ್ಣಿಗೆ ಕುಡಿಸಿದರು. ಆ ಆಮ್ಲ ಮಾಡುವ ವಿದ್ಯೆ ಅವರೊಂದಿಗೇ ಹೋಯಿತು.

ಮಂಕುಗಾಳಿ ಬಂದು ಕಾಳಿನ ಮೈಮೇಲೆ ಕೂರುತ್ತದೆ. ಅಲ್ಲಿ ಒಳ್ಳೆಯ ಗಾಳಿಯೊಡನೆ ಕೂಡಿ, ಉರಿ ಕಾಣದಂತೆ ಸುಟ್ಟು, ಎದ್ದು ಹೋಗುತ್ತದೆ. ಕಾಳು ಖರ್ಚಾಗುವುದಿಲ್ಲ, ಮುಂದಿನದಕ್ಕೆ ಜಾಗ ಕೊಡುತ್ತದೆ. ನಿಮ್ಮಲ್ಲಿ ಇಂಥದ್ದಕ್ಕೆ ಕ್ರಿಯಾವರ್ಧಕ ಎಂಬ ದೊಡ್ಡ ಹೆಸರಿತ್ತಂತೆ. ಬಿಳಿಮಣ್ಣಿಗೆ ಯಾವ ಹೆಸರೂ ಇರಲಿಲ್ಲವೋ ಏನೋ. ಕಾಳನ್ನು ಹಿಡಿದುಕೊಂಡು ಸುಮ್ಮನೆ ಕೂತಿರುವುದಷ್ಟೇ ಅದರ ಕೆಲಸ ಎಂದು ನಾವೂ ತಿಳಿದಿದ್ದೆವು.

ಕಣದ ಗೋಡೆಯ ಮೇಲೆ ಹಿರಿಯರು ಒಂದು ಮಾತು ಕೆತ್ತಿದ್ದಾರೆ: ಮಂಕಾದರೆ ಹಗುರ ಹಾಯಿಸಿ ಕಾಯಿಸಿರಿ. ಮಾತು ಸುಳ್ಳಲ್ಲ. ಮೊದಮೊದಲು ಹಾಗೆ ಮಾಡಿದಾಗ ಕಣ ಚುರುಕಾಗುತ್ತಿತ್ತಂತೆ. ಇಳಿದ ಮೇಲೆ ಮೊದಲ ಸಾವು ಆದ ದಿನ, ಕಣವನ್ನು ಕಾಯಿಸುವ ದಿನವೂ ಅದೇ ಆಗಿತ್ತು. ಸತ್ತವಳನ್ನು ಮಣ್ಣು ಮಾಡಿ ಬಂದವರಿಗೆ ತಲೆ ಹಗುರಾಗಿ, ಉಸಿರು ಸಲೀಸಾಯಿತು. ಹೋದವಳು ತನ್ನ ಉಳಿದ ಉಸಿರನ್ನು ಕಣಕ್ಕೆ ಒಪ್ಪಿಸಿ ಹೋದಳು ಎಂದರು. ಅಂದಿನಿಂದ ಯಾರೇ ಸತ್ತರೂ ಉಸಿರೊಪ್ಪಿಸುವುದು ಎಂಬ ಶಾಸ್ತ್ರ ಬಂತು. ಪ್ರತಿ ಮನೆಯವರೂ ತಮ್ಮ ತಿದಿಯನ್ನು ತಂದು ಕೊಡುತ್ತಾರೆ. ಗಾಳಿಯ ಬಾಗಿಲು ಹಾಕಿ, ತಟ್ಟೆಗಳ ಮೇಲೆ ಮುಚ್ಚಳ ಎಳೆದು, ಹಗುರ ಹಾಯಿಸಿ, ಕೆಳಗೆ ಒಲೆ ಹೊತ್ತಿಸುತ್ತಾರೆ. ಮುಚ್ಚಳದಲ್ಲಿ ಗಾಜಿನ ಕಿಂಡಿಗಳಿವೆ. ನೋಡುನೋಡುತ್ತ ಬೂದು ಮಣಿಗಳಿಗೆ ನೀಲಿ ಏರುತ್ತದೆ, ಸಂಜೆಯ ಆಕಾಶಕ್ಕೆ ಏರುತ್ತಿತ್ತಂತಲ್ಲ, ಹಾಗೆ. ನೀಲಿ ಬಂದರೆ ಉಸಿರು ಮುಟ್ಟಿತು ಎಂದು ಅರ್ಥ. ಪ್ರೀತಿಯವರಿಗೆ ಹೆಚ್ಚು ಕಾಯಿಸುವುದು, ಹಿರಿಯರಿಗೆ ಇನ್ನೂ ಹೆಚ್ಚು ಕಾಯಿಸುವುದು ಬೆಳೆಯುತ್ತ ಬಂತು. ನನ್ನ ಕಾಲಕ್ಕೆ ಮುಚ್ಚಳದ ಅಂಚು ಕೆಂಪಗಾಗುವವರೆಗೆ ಒಲೆ ಆರಿಸುತ್ತಿರಲಿಲ್ಲ. ಅಷ್ಟು ಕಾಯಿಸದಿದ್ದರೆ ಆ ಮನೆಯವರು ತಲೆ ಎತ್ತಿ ಓಡಾಡುವಂತಿರಲಿಲ್ಲ.

ನನ್ನ ಕೆಲಸ ಮಣಿಗಳ ಮೇಲಿನ ಮಸಿ ಗುಡಿಸುವುದು. ಕಣವನ್ನು ನೋಡಿಕೊಳ್ಳುವ ಕಣಗಾರ ಲಾಳೇಸಾಬ ಕಾಕಾ. ಊಟದ ಹೊತ್ತಿಗೆ ಉಳಿದ ಹೆಂಗಸರು ಬಾಗಿಲ ಬಳಿ ಕೂತು ಹರಟುತ್ತಾರೆ. ನನಗೆ ಮಂದಿಯ ನಡುವೆ ತುತ್ತು ಇಳಿಯುವುದಿಲ್ಲ. ನಾನು ಮೂಲೆಯ ಕೊನೆಯ ತಟ್ಟೆಯ ಹತ್ತಿರ ಕೂರುತ್ತಿದ್ದೆ. ಆ ತಟ್ಟೆಗೆ ಹಗುರ ಒಯ್ಯುವ ಕೊಳವೆ ಬಹಳ ಹಿಂದೆಯೇ ಬಂಡೆ ಬಿದ್ದು ಜಜ್ಜಿಹೋಗಿತ್ತು. ಅದಕ್ಕೆ ನೀಲಿ ಏರುತ್ತಿರಲಿಲ್ಲ. ಸಾವು ತಿಳಿಯದ ತಟ್ಟೆ ಎಂದು ಅದನ್ನು ಬೈಯುತ್ತಿದ್ದರು. ಬಸುರಿಯರು ಅದರ ಕಡೆ ನೋಡುತ್ತಿರಲಿಲ್ಲ.

ಒಂದು ದಿನ ಕಾಕಾ ಕೇಳಿದ, "ಏನವಾ ಹುಲಿಗೆವ್ವ, ಮಂದಿ ಎಲ್ಲಾ ಆ ಕಡಿ ಕುಂತ್ರ ನೀ ಒಬ್ಬಾಕಿ ಈ ದರಿದ್ರ ತಟ್ಟಿ ಮುಂದ ಕುಂದರ್ತಿ. ಅದರ ಕೂಡ ಲಗ್ನ ಮಾಡಿಕೊಳ್ಳಾಕಿ ಏನು?"

ಬಾಗಿಲ ಬಳಿ ನಕ್ಕರು. ನನ್ನ ಕಿವಿ ಬಿಸಿಯಾಯಿತು. "ಇಲ್ಲಿ ಬೆಚ್ಚಗಿರ್ತದ ಕಾಕಾ. ತಲಿನೋವೂ ಬಿಡ್ತದ," ಎಂದೆ.

ಕಾಕಾ ಇನ್ನೊಂದು ನಗೆಮಾತು ಆಡಲು ಬಾಯಿ ತೆರೆದವನು ಹಾಗೇ ನಿಂತ. ಮಂಕುಗಾಳಿ ಸುಡುವಲ್ಲಿ ಮಣಿ ಬೆಚ್ಚಗಾಗುತ್ತದೆ ಎಂಬುದು ಕಣಗಾರನಿಗೆ ಗೊತ್ತಿರುವ ಮೊದಲ ಪಾಠ. ಅವನು ಕೈ ಚಾಚಿ ಕೊನೆಯ ತಟ್ಟೆಯ ಮಣಿಗಳಲ್ಲಿ ಅಂಗೈ ಇಟ್ಟ. ಅದರ ಪಕ್ಕದ ತಟ್ಟೆಯಲ್ಲಿ ಇಟ್ಟ. ಆಮೇಲೆ ಒಂದೊಂದೇ ತಟ್ಟೆಯಲ್ಲಿ ಅಂಗೈ ಇಡುತ್ತ ಬಾಗಿಲವರೆಗೂ ನಡೆದುಹೋದ. ಹೆಂಗಸರು ನಗುವುದನ್ನು ನಿಲ್ಲಿಸಿದರು. ಕೊನೆಯದೊಂದನ್ನು ಬಿಟ್ಟು ಉಳಿದ ತಟ್ಟೆಗಳೆಲ್ಲ ಹೆಚ್ಚುಕಡಿಮೆ ಕಲ್ಲಿನಂತೆ ತಣ್ಣಗಿದ್ದವು.

ಮುಂದೆ ಕಾಕಾ ಮಾಡಿದ್ದನ್ನು ನಾನು ಪಕ್ಕದಲ್ಲಿದ್ದು ನೋಡಿದ್ದೇನೆ. ಕೊನೆಯ ತಟ್ಟೆಯಿಂದ ಒಂದು ಹಿಡಿ ಮಣಿ ತೆಗೆದು, ಮುಚ್ಚಿದ ಬಾಣಲೆಯಲ್ಲಿ ಹಗುರ ಹಾಯಿಸಿ, ಉಸಿರೊಪ್ಪಿಸುವಾಗ ಕಾಯಿಸುವಷ್ಟೇ ಕಾಯಿಸಿದ. ನೀಲಿ ಏರಿತು. ಆರಿದ ಮೇಲೆ ಅವನ್ನು ಗಾಳಿಯ ದಾರಿಯಲ್ಲಿಟ್ಟು ಮುಟ್ಟಿದರೆ ತಣ್ಣಗೆ. ಅದೇ ಮಣಿಗಳನ್ನು ಮುಚ್ಚಳವಿಲ್ಲದೆ ಬರೀ ಗಾಳಿಯಲ್ಲಿ ಕಾಯಿಸಿದ. ನೀಲಿ ಹೋಗಿ ಬೂದು ಬಂತು, ಮತ್ತೆ ಬೆಚ್ಚಗಾಯಿತು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಕಾಕಾ ನಗಲಿಲ್ಲ. ಮತ್ತೆ ಹಗುರ, ಮತ್ತೆ ಗಾಳಿ, ಹೀಗೆ ಮಾಡುತ್ತಲೇ ಹೋದ. ಪ್ರತಿ ಸಲವೂ ಹಿಂದಿನ ಸಲಕ್ಕಿಂತ ಸ್ವಲ್ಪ ಕಡಿಮೆ ಬೆಚ್ಚಗಾಗುತ್ತಿತ್ತು.

ಏನಾಗುತ್ತಿದೆ ಎಂದು ಕೇಳಿದೆ. ಕಾಕಾ ನನ್ನನ್ನು ಜೋಳದ ಮಡಿಗೆ ಕರೆದೊಯ್ದು ಹಸಿ ಎರೆಮಣ್ಣಿನ ಮೇಲೆ ಒಂದು ಜೋಳದ ಕಾಳು ಇಟ್ಟ. "ಎರಿ ಹಸಿ ಇದ್ದಾಗ ಕಾಲಿಟ್ರ ಏನ್ ಮಾಡ್ತದ?"

"ಹಿಡೀತದ."

"ಹಿಡದು?"

"ಹಿಡದು ಮ್ಯಾಲ ಏರ್ತದ. ಪಾದ ಕಾಣದಂಗ."

"ಹ್ಞಾ, ಬಿಳಿಮಣ್ಣೂ ಅದ ಜಾತಿದು. ಗಾಳ್ಯಾಗ ಇದ್ರ ಒಣಗಿದ ಎರಿ ಇದ್ದಂಗ, ತನ್ನ ಪಾಡಿಗೆ ಬಿದ್ದಿರ್ತದ. ಹಗುರ ಕೊಟ್ಟು ಕಾಸಿದ್ರ ಹಸಿ ಆಗ್ತದ. ಹಸಿ ಆಗಿ ಕಾಳಿನ ಮ್ಯಾಲ ಏರಿ ಮುಚ್ಚಿಬಿಡ್ತದ. ಕಾಳು ಒಳಗ ಜೀವಂತನ ಅದ, ಆದ್ರ ಮಂಕುಗಾಳಿಗೆ ಕುಂದರಾಕ ಜಾಗಾ ಇಲ್ಲ." ಅವನು ಬೆರಳಿನಿಂದ ಒತ್ತಿದ. ಜೋಳದ ಕಾಳು ಮಣ್ಣಿನಲ್ಲಿ ಮರೆಯಾಯಿತು. "ನಾವು ಯಾರಿಗೆ ನೀಲಿ ಏರಿಸಿದಿವೋ, ಅವರ ಹೆಸರಿನಾಗ ಕಾಳಿಗೂ ಮಣ್ಣು ಕೊಟ್ಟಿವಿ ನೋಡು."

ಗಾಳಿಯಲ್ಲಿ ಕಾಯಿಸಿದರೆ ಬಿಡುತ್ತದಲ್ಲ ಎಂದೆ. ಬಿಡುತ್ತದೆ, ಆದರೆ ಹಿಡಿತ ಬಿಟ್ಟ ಕಾಳು ಬಿಸಿಗೆ ಅಲೆಯುತ್ತದೆ, ಒಂದರ ಹತ್ತಿರ ಒಂದು ಸರಿದು ಕೂಡಿ ಗಡ್ಡೆಯಾಗುತ್ತದೆ ಎಂದ. ಚೆಲ್ಲಿದ ನುಚ್ಚಿಗೆ ಎಷ್ಟು ಇರುವೆ ಮುತ್ತುತ್ತವೆ, ಅದನ್ನೇ ಉಂಡೆ ಕಟ್ಟಿಟ್ಟರೆ ಎಷ್ಟು ಮುತ್ತುತ್ತವೆ ನೋಡು ಎಂದ. ಬಿಳಿಮಣ್ಣು ಹಿಡಿದರೆ ಕಾಳಿಗೆ ಉಸಿರಿಲ್ಲ, ಬಿಟ್ಟರೆ ಕಾಳಿಗೆ ನೆಲೆಯಿಲ್ಲ. ಎರಡರ ನಡುವೆ ಎಲ್ಲೋ ಒಂದು ಹದ ಇತ್ತು. ಇಳಿದು ಬಂದವರಿಗೆ ಅದು ಗೊತ್ತಿತ್ತು. ಆ ಹದದಿಂದ ನಾವು ಸಾವು ಸಾವಿಗೂ ದೂರ ಬಂದಿದ್ದೆವು. ಒಬ್ಬರಿಗೆ ಉಸಿರೊಪ್ಪಿಸಿದಾಗ ಗಾಳಿ ಇನ್ನಷ್ಟು ಮಂಕಾಗುತ್ತಿತ್ತು, ಮಂಕಾದ ಗಾಳಿಗೆ ಇನ್ನೊಬ್ಬರು ಹೋಗುತ್ತಿದ್ದರು, ಅವರಿಗೆ ಮತ್ತೆ ಉಸಿರೊಪ್ಪಿಸುತ್ತಿದ್ದೆವು.

ಕಾಕಾ ಇದನ್ನು ಸುರಂಗದ ಹಿರಿಯ ಅಮರಪ್ಪ ತಾತನಿಗೆ ಹೇಳಿದ. ಮಣಿಗಳನ್ನು ಹಿಡಿದುಕೊಂಡು ನಾನೂ ಹಿಂದೆ ನಿಂತಿದ್ದೆ. ತಾತ ಕೆಟ್ಟವನಲ್ಲ. ಹಿಂದಿನ ಜಾಲಿಯುರಿಯಲ್ಲಿ ಅವನ ಹೆಂಡತಿ ತೀರಿಕೊಂಡಿದ್ದಳು. ಅವಳಿಗೆ ಏರಿದಂಥ ನೀಲಿಯನ್ನು ಯಾರೂ ಕಂಡಿರಲಿಲ್ಲ ಎಂದು ಊರೆಲ್ಲ ಹೇಳುತ್ತಿತ್ತು. ತಾತ ತಣ್ಣಗಿನ ಮಣಿಗಳನ್ನೂ ಬೆಚ್ಚಗಿನ ಮಣಿಗಳನ್ನೂ ಎರಡು ಅಂಗೈಯಲ್ಲಿ ಹಿಡಿದು ನೋಡಿದ.

"ಲಾಳೇಸಾಬ, ನನ್ನಾಕಿ ನೀಲಿಯಿಂದ ಮಂದಿ ಸತ್ತ್ರು ಅಂತೀಯೇನು?"

"ಹಂಗಲ್ಲ ತಾತ."

"ಮತ್ತ ಹ್ಯಾಂಗ?"

ಕಾಕಾ ತಾತನ ಅಂಗೈಯಿಂದ ಮಣಿಗಳನ್ನು ಒಂದೊಂದಾಗಿ ವಾಪಸು ತೆಗೆದುಕೊಂಡ. ಕಡೆಗೆ ತಾತ ಹೇಳಿದ, "ನಾ ಬ್ಯಾಡ ಅನ್ನಂಗಿಲ್ಲ, ನನ್ನ ನಾಲಿಗಿ ಏಳಂಗಿಲ್ಲ. ಇನ್ನ ಮ್ಯಾಲ ಯಾರ ಮನ್ಯಾಗ ಸಾವು ಆಗ್ತದೋ ಆ ಮನಿಯವರು ಬ್ಯಾಡ ಅನ್ಲಿ. ಒಂದು ಮನಿ ಅಂದ್ರ ಸಾಕು, ಉಳಿದೋರೂ ಅಂತಾರ." ಇದು ನ್ಯಾಯವೆಂದೇ ಎಲ್ಲರಿಗೂ ಅನ್ನಿಸಿತು. ನನಗೂ ಅನ್ನಿಸಿತು.

ಆಗಲೇ ನನ್ನ ಅವ್ವ ಯಂಕವ್ವ ಹಾಸಿಗೆ ಹಿಡಿದಿದ್ದಳು. ನಮ್ಮ ಗೂಡು ಸುರಂಗದ ತಗ್ಗಿನಲ್ಲಿದೆ. ಕಣದ ಗಾಳಿ ಅಲ್ಲಿಗೆ ಬರುವ ಹೊತ್ತಿಗೆ ನಿತ್ರಾಣವಾಗಿರುತ್ತದೆ. ಮನೆಯಲ್ಲಿ ನಾವು ಮೂವರು: ಅವ್ವ, ನಾನು, ನನ್ನ ತಂಗಿ ದ್ಯಾವಮ್ಮ. ದ್ಯಾವಿಗೆ ಆಗ ದಿನ ತುಂಬಿತ್ತು. ಅವ್ವನ ಅವ್ವ ಸತ್ತದ್ದು ಧೂಳುಗಾಲದಲ್ಲಂತೆ. ಬಿಸಿಲ ಹಲಗೆಗಳ ಮೇಲೆ ಧೂಳು ಕೂತು ಹಗುರ ಸಾಲದೆ, ನೀಲಿ ಏರದೆಯೇ ಒಲೆ ಆರಿತ್ತು. ಅವ್ವ ಅದನ್ನು ಮರೆಯಲಿಲ್ಲ. ಯಾರಿಗೂ ಹಾಗಾಗಬಾರದೆಂದು ಊರಿನ ಪ್ರತಿ ಸಾವಿಗೂ ಮೊದಲ ತಿದಿ ಅವಳದೇ. ನಾವಿಬ್ಬರೂ ತಣ್ಣನೆಯ ರೊಟ್ಟಿ ತಿಂದೇ ಬೆಳೆದೆವು. ಆ ದಿನಗಳಲ್ಲಿ ಅವ್ವ ಕೆಂಪು ಕೆನ್ನೆಯಿಟ್ಟುಕೊಂಡು, ಎದ್ದಾಗಲೆಲ್ಲ ಮುಗುಳ್ನಗುತ್ತ, "ನನಗರ ಚೊಲೋತ್ನಾಗಿ ಕಾಸ್ರಿ. ನಮ್ಮವ್ವಗ ಹೋಗಿ ಹೇಳಬೇಕು ನಾನು, ನೋಡವಾ, ನಿನ್ನ ಪಾಲೂ ತಂದೀನಿ ಅಂತ," ಎನ್ನುತ್ತಿದ್ದಳು. ದ್ಯಾವಿ ಹ್ಞೂಂ ಎನ್ನುತ್ತಿದ್ದಳು. ನಾನು ಅವ್ವನ ಕಾಲು ಒತ್ತುತ್ತ ತಲೆ ತಗ್ಗಿಸಿಕೊಂಡು ಕೂತಿರುತ್ತಿದ್ದೆ. ಹ್ಞೂಂ ಎನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ.

ದ್ಯಾವಿಗೆ ಗಂಡುಮಗು ಹುಟ್ಟಿದ ವಾರವೇ ಅವ್ವ ಹೋದಳು.

ಮಣ್ಣಿಗೆ ಇಡೀ ಊರು ಬಂದಿತ್ತು. ಅವಳ ತಿದಿ ಮುಟ್ಟದ ಮನೆಯೇ ಇರಲಿಲ್ಲ. ಮಣ್ಣು ಮಾಡಿ, ಕೈ ತೊಳೆದು, ಎಲ್ಲರೂ ಕಣದ ಮುಂದೆ ಸೇರಿದರು. ಒಬ್ಬೊಬ್ಬರ ತಲೆಯ ಮೇಲೂ ಉಬ್ಬಿದ ತಿದಿ ದಾರಕ್ಕೆ ಕಟ್ಟಿ ತೇಲುತ್ತಿತ್ತು. ಕೆಲವರು ಎರಡೆರಡು ತಂದಿದ್ದರು. ಅಮರಪ್ಪ ತಾತ ನನ್ನ ಕಡೆ ನೋಡಿದ. ಲಾಳೇಸಾಬ ಕಾಕಾ ನೆಲ ನೋಡುತ್ತಿದ್ದ.

ನಾನು ಒಲೆಯ ಮುಂದೆ ಹೋಗಿ ನಿಂತೆ. ಮಂದಿಯ ಮುಂದೆ ನಾನು ಹಾಗೆ ನಿಂತದ್ದು ಅದೇ ಮೊದಲು. ಹೇಳಬೇಕಾದದ್ದನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ: ಎರೆಮಣ್ಣು, ಕಾಳು, ಇರುವೆ. ಬಾಯಿಂದ ಬಂದದ್ದು ಒಂದೇ ಮಾತು. "ಬ್ಯಾಡ."

"ಏನಂದ್ಲು?" ಎಂದು ಹಿಂದಿನವರು ಕೇಳಿದರು.

"ಕಾಸೂದು ಬ್ಯಾಡ ಅಂತ."

"ಅಯ್ಯ ಇಕಿನ! ಊರಿಗೆಲ್ಲಾ ಕೊಟ್ಟಾಕಿಗೆ ಮಗಳ ಇಲ್ಲ ಅಂತಾಳಲ್ಲ!" ಎಂದಿತು ಒಂದು ಹೆಣ್ಣುದನಿ.

"ಬೈಬ್ಯಾಡ್ರಿ. ದುಃಖದಾಗ ಕೂಸಿಗೆ ಏನ್ ತಿಳಿತದ," ಎಂದು ಇನ್ನೊಬ್ಬಳು ನನ್ನ ಹೆಗಲ ಮೇಲೆ ಕೈಯಿಟ್ಟಳು. ಬೈದಿದ್ದರೆ ನಾನು ನಿಲ್ಲುತ್ತಿದ್ದೆನೇನೋ. ಆ ಕೈ ಬೆಚ್ಚಗಿತ್ತು, ನನಗೆ ಅಳು ಬಂತು. ಅಳುವವಳ ಮಾತು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆಗ ದ್ಯಾವಿ, ಹಸಿ ಬಾಣಂತಿ, ಮಗುವನ್ನು ಸೆರಗಿನೊಳಗಿಟ್ಟುಕೊಂಡು ಮುಂದೆ ಬಂದಳು. "ಅಕ್ಕ, ಸರಿ ಈ ಕಡಿ," ಎಂದಳು. "ನಾನೂ ಮಗಳ ಇದ್ದೀನಿ. ಅವ್ವಗ ನಾ ಹ್ಞೂಂ ಅಂದೀನಿ." ತಾತನತ್ತ ತಿರುಗಿ, "ಕಾಸ್ರಿ ತಾತ," ಎಂದಳು.

ಒಂದು ಮನೆಯಲ್ಲೇ ಎರಡು ಮಾತಾಯಿತು. ನಾನು ಸರಿದೆ.

ನೀವು ಎಂದೂ ಕಾಣದ ಒಂದನ್ನು ನಿಮಗೆ ಹೇಳುತ್ತಿದ್ದೇನೆ, ಆದ್ದರಿಂದ ಸರಿಯಾಗಿ ಹೇಳಬೇಕು. ಅವತ್ತು ಏರಿದ ನೀಲಿ ಮೊದಲು ಅಂಚಿನಲ್ಲಿ ನವಿಲಿನ ಕತ್ತಿನಂತೆ ಬಂತು, ಆಮೇಲೆ ತಟ್ಟೆ ತಟ್ಟೆಗೂ ಹರಡಿತು, ಕಡೆಗೆ ಕಪ್ಪಿಗೆ ಹತ್ತಿರವಾಗಿ ಹೊಳೆಯತೊಡಗಿತು. ತಾತನ ಹೆಂಡತಿಯದನ್ನೂ ಮೀರಿತ್ತು. ಆ ಒಂದೊಂದು ಮಣಿಯ ಮೇಲೂ ಬಿಳಿಮಣ್ಣು ಹಸಿಯಾಗಿ ಏರಿ ಏರಿ ಕಾಳನ್ನು ನುಂಗುತ್ತಿದೆ ಎಂದು ಅಲ್ಲಿದ್ದವರಲ್ಲಿ ಕಾಕಾನಿಗೂ ನನಗೂ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ನನ್ನ ಎದೆ ತುಂಬಿ ಬಂತು. ಅವ್ವನಿಗೆ ಮುಟ್ಟಿತು ಅನ್ನಿಸಿತು. ಕಾಕಾನ ಕಡೆ ನೋಡಿದೆ, ಅವನೂ ಕಣ್ಣೊರೆಸಿಕೊಳ್ಳುತ್ತಿದ್ದ.

ಅಲ್ಲಿಂದೀಚೆಗೆ ಹೇಳುವುದು ಹೆಚ್ಚಿಲ್ಲ. ಕಣ ಪೂರ್ತಿ ತಣ್ಣಗಾಯಿತು. ತಗ್ಗಿನ ಗೂಡುಗಳಲ್ಲಿ ಏಳುವವರು ತಡವಾಗಿ ಏಳತೊಡಗಿದರು, ಕೆಲವರು ಏಳಲಿಲ್ಲ. ಕಾಕಾ ಮುಚ್ಚಳಗಳನ್ನು ತೆಗೆದು ಬರೀ ಗಾಳಿಯಲ್ಲಿ ಇಡೀ ಕಣವನ್ನು ಕಾಯಿಸಿದ. ನೀಲಿ ಹೋಯಿತು, ಮಣಿಗಳು ಬೆಚ್ಚಗಾದವು, ತಲೆಗಳು ತಿಳಿಯಾದವು. ಊರಿನವರು ಅವನ ಕೊರಳಿಗೆ ಜೋಳದ ತೆನೆಯ ಹಾರ ಹಾಕಿದರು. ಹಾರ ಬಾಡುವ ಮೊದಲೇ ಮತ್ತೆ ತಲೆನೋವು ಬಂತು. ಮತ್ತೆ ಕಾಯಿಸಿದ. ಈಗ ಕಾಯಿಸಿದರೂ ಏಳುವುದಿಲ್ಲ. ಕಾಳು ಕಾಳು ಕೂಡಿ ಗಡ್ಡೆ ಕಟ್ಟಿವೆ. ಲೋಹ ಎಲ್ಲಿಗೂ ಹೋಗಿಲ್ಲ, ಹಿರಿಯರು ತಂದಷ್ಟೂ ಅಲ್ಲೇ ಇದೆ. ಕೂಡಿದ್ದನ್ನು ಮತ್ತೆ ಚೆಲ್ಲುವುದು ಹೇಗೆಂದು ನಮಗೆ ಗೊತ್ತಿಲ್ಲ. ಕಾಕಾ ಇಂದಿಗೂ ಬೆಳಗ್ಗೆ ಬಂದು ತಟ್ಟೆಗಳಲ್ಲಿ ಅಂಗೈ ಇಡುತ್ತಾನೆ. "ಇವತ್ತ ಸ್ವಲ್ಪ ಬೆಚ್ಚಗದ ಅನ್ನಸ್ತದವಾ," ಎನ್ನುತ್ತಾನೆ. ಅದು ಅವನ ಕೈಯ ಬಿಸುಪೇ ಎಂದು ನಾನು ಹೇಳುವುದಿಲ್ಲ.

ಸಾವು ತಿಳಿಯದ ತಟ್ಟೆಯ ಮಣಿಗಳನ್ನು ಮಕ್ಕಳಿರುವ ಮನೆಗಳಿಗೆ ಹಂಚಿದೆವು. ಬಸುರಿಯರು ಮೊದಲು ಸೆರಗೊಡ್ಡಿದರು. ಜರಡಿಯ ಪೆಟ್ಟಿಗೆಯಲ್ಲಿ ಒಂದು ಬೊಗಸೆ ಮಣಿ, ಹಿಂದೆ ಕೈಯಿಂದ ತಿರುಗಿಸುವ ಒಂದು ಬೀಸಣಿಗೆ. ಅದರಿಂದ ಹಾದ ಗಾಳಿ ತೊಟ್ಟಿಲ ಮೇಲೆ ಬೀಳುತ್ತದೆ. ಒಂದು ಕೂಸಿನ ಮೂಗಿಗೆ ಸಾಲುವಷ್ಟು. ನಾನೂ ದ್ಯಾವಿಯೂ ಸರದಿಯಲ್ಲಿ ತಿರುಗಿಸುತ್ತೇವೆ. ನಮ್ಮಲ್ಲಿ ಒಂದು ಜಾಲಿಯುರಿ ದಾಟಿದ ಮೇಲೆ ಮಗುವಿಗೆ ಹೆಸರಿಡುವುದು. ಈ ಸಲ ಉರಿ ಆರುವ ಹಾಗೆ ಕಾಣುವುದಿಲ್ಲ, ಮಗುವಿಗೆ ಇನ್ನೂ ಹೆಸರಿಲ್ಲ. ಬೀಸಣಿಗೆ ತಿರುಗಿಸುತ್ತ ನನ್ನಷ್ಟಕ್ಕೆ ಒಂದು ಹೆಸರಿನಿಂದ ಕರೆಯುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ನಿಮ್ಮಲ್ಲಿ ಒಂದು ಬೇಡಿಕೆ ಇದೆ. ನಿಮ್ಮ ಹತ್ತಿರ ಕಾಳು ರಾಶಿಯಾಗಿದೆ. ನಿಮ್ಮ ಕಾರುಗಳ ಹೊಟ್ಟೆಯಲ್ಲಿ ನೀವು ನೋಡದೆಯೇ ಓಡಾಡುತ್ತಿದೆ. ಅದನ್ನು ಉಳಿಸಿಡಿ ಎಂದು ಕೇಳುತ್ತಿಲ್ಲ, ಕೇಳಿದರೂ ಉಳಿಸುವವರಲ್ಲ ಎಂದು ಅಮರಪ್ಪ ತಾತ ಹೇಳುತ್ತಾನೆ. ಮುಂದಿನವರಿಗೆಂದು ಗೋಡೆಯ ಮೇಲೆ ಏನನ್ನಾದರೂ ಕೆತ್ತುವಿರಾದರೆ, ಕಾಯಿಸಿರಿ ಎಂಬುದರ ಕೆಳಗೆ ಎಷ್ಟು ಎಂದೂ ಕೆತ್ತಿ. ಯಾಕೆ ಎಂದೂ ಕೆತ್ತಿ. ನಾವು ಪ್ರೀತಿಯ ಮಂದಿ. ಎಷ್ಟು ಎಂದು ಹೇಳದಿದ್ದರೆ ಹೆಚ್ಚೇ ಮಾಡುತ್ತೇವೆ.

ಇನ್ನೊಂದು ಮಾತು ಉಳಿದಿದೆ. ಕೆಲವು ದಿನಗಳಿಂದ ನನಗೂ ಸುಮ್ಮನೆ ನಗು ಬರುತ್ತದೆ. ನಾನು ಚೆನ್ನಾಗಿ ಕಾಣುತ್ತೇನೆಂದು ನೆರೆಯವರು ಹೇಳುತ್ತಾರೆ. ದ್ಯಾವಿಯನ್ನು ಕೂರಿಸಿಕೊಂಡು ಹೇಳಿದೆ: ಕಣದಲ್ಲಿ ಉಳಿದಿರುವುದು ಎಳೆಯಷ್ಟು ಜೀವ, ನನಗೆಂದು ಒಲೆ ಹೊತ್ತಿಸಿದರೆ ಅದೂ ಹೋಗುತ್ತದೆ, ಆಮೇಲೆ ನಿನಗೆ ಉಸಿರಿಲ್ಲ, ನೀನಿಲ್ಲದಿದ್ದರೆ ಬೀಸಣಿಗೆ ತಿರುಗಿಸುವವರಿಲ್ಲ. ಅವಳು ಎಲ್ಲವನ್ನೂ ಕೇಳಿದಳು. "ತಿಳೀತಕ್ಕ. ಆಣಿ ಮಾಡ್ತೀನಿ, ಕಾಸಂಗಿಲ್ಲ," ಎಂದು ಮಗುವಿನ ತಲೆ ಮುಟ್ಟಿದಳು.

ಇವತ್ತು ಅವಳು ನೀರಿಗೆ ಹೋದಾಗ ಮಗುವಿಗೆ ಅರಿವೆ ಹುಡುಕುತ್ತ ತೊಟ್ಟಿಲ ಹಿಂದಿನ ಕೌದಿ ಸರಿಸಿದೆ. ಅಲ್ಲಿ ಒಂದು ಹೊಸ ತಿದಿ ಇತ್ತು. ಅರ್ಧ ತುಂಬಿತ್ತು. ಬಾಯಿಗೆ ನನ್ನ ಹಳೆಯ ಕುಪ್ಪಸದ ಅಂಚನ್ನು ಹರಿದು ಕಟ್ಟಿದ್ದಳು. ಇಷ್ಟು ದಿನ ಅವಳ ಪಾಲಿನ ರೊಟ್ಟಿ ಯಾಕೆ ತಣ್ಣಗಿರುತ್ತದೆಂದು ನಾನು ಕೇಳಿರಲಿಲ್ಲ.

ಬಿಚ್ಚಿಬಿಡಬೇಕಿತ್ತು. ಗಂಟು ಸಡಿಲವಾಗಿಯೇ ಇತ್ತು. ನಾನು ಅದರ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತೆ. ಆಮೇಲೆ ಕೌದಿಯನ್ನು ಮೊದಲಿದ್ದಂತೆಯೇ ಹೊದಿಸಿ, ಬಂದು ಬೀಸಣಿಗೆ ತಿರುಗಿಸುತ್ತ ಕೂತೆ.

ನೀವು ಇದ್ದಷ್ಟು ದಿನ ಕಿಟಕಿ ತೆರೆದಿಟ್ಟುಕೊಂಡು ಮಲಗಿರಿ. ಬರುತ್ತೇನೆ.

ನಿಮ್ಮವಳೇ ಆದ,
ಹುಲಿಗೆಮ್ಮ, ಯಂಕವ್ವನ ಮಗಳು